14 ಮೆಗಾಹರ್ಟ್ಸ್ ಕೊಟ್ಟರೂ ಅಮಿಗಾ ಯಾಕೆ ಓಡುತ್ತಿಲ್ಲ?

ಪ್ರಶ್ನೆ: ನನ್ನ ಬಳಿ ಕೆಲಸ ಮಾಡುವ ಅಮಿಗಾ 500, ಅಂದರೆ ಕೊಮೊಡೋರ್ ಕಂಪನಿಯ ಹಳೆಯ ಮನೆ ಕಂಪ್ಯೂಟರ್ ಇದೆ. ಗುಜರಿ ಬೋರ್ಡೊಂದರಲ್ಲಿ 16 ಮೆಗಾಹರ್ಟ್ಸ್‌ನ 68000 ಪ್ರೊಸೆಸರ್ ಸಿಕ್ಕಿತು. ಹಳೆಯ ಒಂದು ನಕ್ಷೆ ನೋಡಿಕೊಂಡು ಮೂರು ಟಿಟಿಎಲ್ (ಸರಳ ಲಾಜಿಕ್) ಚಿಪ್‌ಗಳ ಸಣ್ಣ ಬೋರ್ಡ್ ಕಟ್ಟಿದೆ. ಪ್ರೊಸೆಸರ್ ಬಸ್ಸನ್ನು (ಮೆಮೊರಿ, ಬೇರೆ ಚಿಪ್‌ಗಳ ಜೊತೆ ಮಾತಾಡುವ ತಂತಿಗಳ ಗುಂಪನ್ನು) ಬಳಸುವಾಗ 7 ಮೆಗಾಹರ್ಟ್ಸ್, ಬಳಸದೇ ಇದ್ದಾಗ 14 ಮೆಗಾಹರ್ಟ್ಸ್ ಕ್ಲಾಕ್ ಕೊಡುತ್ತದೆ. ಕಂಪ್ಯೂಟರ್ ಶುರುವಾಗುತ್ತದೆ. ಆದರೆ ವೇಗ ಎರಡು ಪಟ್ಟಾಗುವುದಿರಲಿ, ಹೆಚ್ಚಾದ ಹಾಗೇ ಕಾಣುವುದಿಲ್ಲ. ಮೇಲೆ ಫ್ಲಾಪಿ ಡ್ರೈವ್ ಬೇರೆ ಕರಕರ ಅನ್ನುತ್ತದೆ, ಆಗಾಗ ಓದುವುದೇ ಇಲ್ಲ. ನಾನೆಲ್ಲಿ ತಪ್ಪಿದೆ? ನಿಜವಾಗಿ ವೇಗ ಕೊಡುವ ಆಕ್ಸಿಲರೇಟರ್ ಬೋರ್ಡನ್ನು ಮನೆಯಲ್ಲೇ ಕಟ್ಟಲು ಆಗುತ್ತದೆಯೇ? ಬೆಸುಗೆ ಚೆನ್ನಾಗಿ ಬರುತ್ತದೆ, ಒಂದೆರಡು ಮೈಕ್ರೊಕಂಟ್ರೋಲರ್ ಬೋರ್ಡ್ ಮಾಡಿದ್ದೇನೆ. ಕೊಮೊಡೋರ್ 64 ಕೂಡ ಇದೆ, ಅದಕ್ಕೂ ಇದೇ ವಿದ್ಯೆ ನಡೆಯುತ್ತದೆಯೇ?

ಉತ್ತರ: ನೀವು ಎಲ್ಲೂ ತಪ್ಪಿಲ್ಲ. ನಕ್ಷೆ ಏನು ಮಾಡುತ್ತೇನೆ ಅಂದಿತ್ತೋ ಅದನ್ನೇ ಮಾಡುತ್ತಿದೆ. ಅದು ಮಾಡುವ ಕೆಲಸವೇ ಚಿಕ್ಕದು, ಅಷ್ಟೆ. ಫ್ಲಾಪಿಯ ಕರಕರಕ್ಕೆ ಬೇರೆ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಅದು ಈ ಕಥೆಯ ಅತ್ಯಂತ ಮಜವಾದ ಭಾಗ.

ಮೊದಲು ವೇಗದ ಲೆಕ್ಕ ಹಾಕೋಣ. ಪಾಲ್ ಮಾದರಿಯ (ಭಾರತ, ಯುರೋಪಿನ ಟಿವಿ ಪದ್ಧತಿಯ) ಅಮಿಗಾ 500ರಲ್ಲಿ ಪ್ರೊಸೆಸರ್ ಕ್ಲಾಕ್ 7.09 ಮೆಗಾಹರ್ಟ್ಸ್. ಅಂದರೆ ಒಂದು ಕ್ಲಾಕಿಗೆ, ಒಂದು ಮಿಡಿತಕ್ಕೆ, 141 ನ್ಯಾನೊಸೆಕೆಂಡ್. 68000 ಮೆಮೊರಿಯಿಂದ ಒಂದು ಸಲ ಓದಬೇಕಾದರೆ ಕಡಿಮೆ ಅಂದರೂ 4 ಕ್ಲಾಕ್ ಬೇಕು. ಸುಮಾರು 564 ನ್ಯಾನೊಸೆಕೆಂಡಿಗೆ ಒಂದು ಸಲ, ಪ್ರತಿ ಸಲಕ್ಕೆ 16 ಬಿಟ್. ಲೆಕ್ಕ ಮಾಡಿದರೆ ಸೆಕೆಂಡಿಗೆ ಸುಮಾರು 3.5 ಮೆಗಾಬೈಟ್. ಮದರ್‌ಬೋರ್ಡಿನ ಬಾಗಿಲು ಅಷ್ಟೇ ಅಗಲ. ನೀವು ಪ್ರೊಸೆಸರಿನ ಕ್ಲಾಕ್ ಬದಲಿಸಿದಿರಿ, ಬಾಗಿಲನ್ನು ಮುಟ್ಟಲಿಲ್ಲ.

ಈಗ ಪ್ರೊಸೆಸರಿನ ಕಡೆಯಿಂದ ನೋಡಿ. ಎರಡು ರಿಜಿಸ್ಟರುಗಳನ್ನು (ಪ್ರೊಸೆಸರಿನ ಒಳಗಿನ ಪುಟ್ಟ ಮೆಮೊರಿ ಗೂಡುಗಳನ್ನು) ಕೂಡಿಸುವ 16 ಬಿಟ್ ಸೂಚನೆಗೆ 68000 ತೆಗೆದುಕೊಳ್ಳುವುದು 4 ಕ್ಲಾಕ್. ಆ ನಾಲ್ಕೂ ಕ್ಲಾಕ್ ಮುಂದಿನ ಸೂಚನೆಯನ್ನು ಮೆಮೊರಿಯಿಂದ ತರುವುದಕ್ಕೇ ಹೋಗುತ್ತವೆ. ಕೂಡುವ ಕೆಲಸ ಅದರ ನೆರಳಲ್ಲೇ ಮುಗಿದಿರುತ್ತದೆ. ಇಂಥ ಕಡೆ 14 ಮೆಗಾಹರ್ಟ್ಸ್ ಕೊಟ್ಟರೆ ಲಾಭ ಸೊನ್ನೆ. ಲಾಭ ಇರುವುದು ಪ್ರೊಸೆಸರ್ ಒಳಗೊಳಗೇ ತಿಣುಕುವ ಕೆಲಸಗಳಲ್ಲಿ ಮಾತ್ರ. ಗುಣಾಕಾರಕ್ಕೆ 70 ಕ್ಲಾಕಿನವರೆಗೂ, ಭಾಗಾಕಾರಕ್ಕೆ ಸುಮಾರು 140ರಿಂದ 158 ಕ್ಲಾಕಿನವರೆಗೂ ಬೇಕಾಗುತ್ತದೆ. ಬಿಟ್‌ಗಳನ್ನು ಹಲವು ಸ್ಥಾನ ಸರಿಸುವುದಕ್ಕೂ ಜಾಸ್ತಿ ಸಮಯ ಹಿಡಿಯುತ್ತದೆ. ಮೂರು ಆಯಾಮದ ಆಟವೋ, ಫ್ರ್ಯಾಕ್ಟಲ್ ಬಿಡಿಸುವ ಪ್ರೋಗ್ರಾಂ ಇದ್ದರೋ ನಿಮ್ಮ ಬೋರ್ಡಿನ ಪರಿಣಾಮ ಸ್ವಲ್ಪ ಕಾಣುತ್ತದೆ. ವಿಂಡೋ ತೆರೆಯಿರಿ, ಐಕಾನ್ ಎಳೆಯಿರಿ, ಏನೂ ಗೊತ್ತಾಗುವುದಿಲ್ಲ.

ಗೋಡೆ ಕಟ್ಟುವವರ ಕೈ ಎಷ್ಟೇ ಚುರುಕಿರಲಿ, ಇಟ್ಟಿಗೆ ಹೊತ್ತು ತರುವವರು ಒಬ್ಬರೇ ಆದರೆ ಗೋಡೆ ಏಳುವುದು ಅವರ ನಡಿಗೆಯ ವೇಗದಲ್ಲೇ. ಕಟ್ಟುವವರನ್ನು ಬದಲಿಸುವ ಮೊದಲು ಅವರ ಪಕ್ಕದಲ್ಲಿ ಇಟ್ಟಿಗೆಯ ರಾಶಿ ಹಾಕಿ. ಆ ರಾಶಿಗೆ ಅಮಿಗಾ ಬಳಕೆದಾರರು ಇಟ್ಟ ಹೆಸರು ಫಾಸ್ಟ್ ರ‍್ಯಾಮ್. ಒಳ್ಳೆಯ ಆಕ್ಸಿಲರೇಟರ್ ಬೋರ್ಡ್ ಅಂದರೆ ಮೊದಲು ಅದು ಮೆಮೊರಿ ಬೋರ್ಡ್. ಪ್ರೊಸೆಸರ್ ಆಮೇಲೆ.

ಅಮಿಗಾದಲ್ಲಿ ಈ ವ್ಯತ್ಯಾಸ ಇನ್ನೂ ಜೋರಾಗಿ ಕಾಣಲು ಒಂದು ಕಾರಣ ಇದೆ. ಅದರ ಚಿಪ್ ರ‍್ಯಾಮ್ ಪ್ರೊಸೆಸರಿನ ಸ್ವಂತ ಆಸ್ತಿಯಲ್ಲ. ಪರದೆ ಬಿಡಿಸುವ, ಸದ್ದು ನುಡಿಸುವ, ಫ್ಲಾಪಿ ಓದುವ ಕಸ್ಟಮ್ ಚಿಪ್‌ಗಳೂ ಅದನ್ನೇ ಬಳಸುತ್ತವೆ, ಹಂಚುವುದು ಆಗ್ನಸ್ ಚಿಪ್. ಕಡಿಮೆ ಬಣ್ಣದ ಪರದೆ ಇದ್ದಾಗ ಪ್ರೊಸೆಸರಿಗೆ ಕಾಯುವ ಕಷ್ಟ ಅಷ್ಟಾಗಿ ಬರುವುದಿಲ್ಲ. 640 ಪಿಕ್ಸೆಲ್ ಅಗಲದಲ್ಲಿ 16 ಬಣ್ಣ ಹಾಕಿ ನೋಡಿ. ಪರದೆಯ ಗೆರೆ ಬಿಡಿಸುತ್ತಿರುವಷ್ಟು ಹೊತ್ತೂ ಪ್ರೊಸೆಸರ್ ಹೊರಗೆ ನಿಂತಿರಬೇಕು. 14 ಇರಲಿ, 100 ಮೆಗಾಹರ್ಟ್ಸ್ ಇರಲಿ, ನಿಲ್ಲುವುದು ತಪ್ಪುವುದಿಲ್ಲ.

ಹೊಟ್ಟೆಯ ಕೆಳಗಿನ ಮುಚ್ಚಳ ತೆಗೆದು ಹಾಕುವ 512 ಕಿಲೋಬೈಟ್ ಕಾರ್ಡ್ ಇದೆಯಲ್ಲ, ಅದು ಫಾಸ್ಟ್ ರ‍್ಯಾಮ್ ಅಂದುಕೊಂಡವರು ಬಹಳ ಜನ. ಅಲ್ಲ. ಅದೂ ಚಿಪ್ ರ‍್ಯಾಮಿನ ಬಸ್ಸಿನ ಮೇಲೇ ಕೂತಿದೆ, ಅದೇ ಸರದಿಯಲ್ಲೇ ನಿಲ್ಲುತ್ತದೆ. ಆದರೆ ಕಸ್ಟಮ್ ಚಿಪ್‌ಗಳು ಮಾತ್ರ ಅದನ್ನು ಬಳಸಲಾರವು. ಎರಡೂ ಕಡೆಯ ನಷ್ಟ. ಅದಕ್ಕೇ ಅದಕ್ಕೆ ಸ್ಲೋ ರ‍್ಯಾಮ್ ಅಂತ ಅಡ್ಡಹೆಸರು.

ಈಗ ಫ್ಲಾಪಿ ಕಥೆ. 68000ಕ್ಕೆ ‘ಇ’ ಅಂತ ಒಂದು ಪಿನ್ ಇದೆ. ಪ್ರೊಸೆಸರ್ ತನ್ನ ಕ್ಲಾಕನ್ನು 10ರಿಂದ ಭಾಗಿಸಿ ಅಲ್ಲಿ ಹೊರಗೆ ಬಿಡುತ್ತದೆ. 6800 (68000ಕ್ಕಿಂತ ಹಿಂದಿನ ಪ್ರೊಸೆಸರ್) ಕಾಲದ ನಿಧಾನದ ಚಿಪ್‌ಗಳ ಜೊತೆ ಮಾತಾಡಲು ಮೊಟೊರೊಲಾ ಇಟ್ಟ ಏರ್ಪಾಡು ಅದು. ಅಮಿಗಾದಲ್ಲಿ ಎರಡು 8520 ಚಿಪ್‌ಗಳು ಈ ‘ಇ’ ಕ್ಲಾಕಿನ ಮೇಲೇ ಬದುಕುತ್ತವೆ. ಕೀಬೋರ್ಡ್, ಫ್ಲಾಪಿಯ ನಿಯಂತ್ರಣ ತಂತಿಗಳು, ಜೊತೆಗೆ ಸಮಯ ಅಳೆಯುವ ಟೈಮರ್‌ಗಳು ಎಲ್ಲ ಅವುಗಳ ಒಳಗೇ ಇವೆ. ‘ಇ’ ಇರಬೇಕಾದದ್ದು ಸುಮಾರು 709 ಕಿಲೋಹರ್ಟ್ಸ್.

ಫ್ಲಾಪಿ ಹೆಡ್ಡನ್ನು ಒಂದು ಟ್ರ್ಯಾಕ್ ಸರಿಸಿದ ಮೇಲೆ ಕಂಪ್ಯೂಟರ್ ಕೆಲವು ಮಿಲಿಸೆಕೆಂಡ್ ಕಾಯಬೇಕು. ಎಷ್ಟು ಹೊತ್ತಾಯಿತು ಅಂತ ಟೈಮರ್ ಹೇಳುತ್ತದೆ. ಕಾಯುವಾಗ ಬೇರೆ ಕೆಲಸ ಇಲ್ಲದಿದ್ದರೆ ಆಪರೇಟಿಂಗ್ ಸಿಸ್ಟಮ್ ಪ್ರೊಸೆಸರನ್ನು ಸ್ಟಾಪ್ ಸೂಚನೆ ಕೊಟ್ಟು ಮಲಗಿಸುತ್ತದೆ. ಮಲಗಿದ ಪ್ರೊಸೆಸರ್ ಬಸ್ಸನ್ನು ಮುಟ್ಟುವುದಿಲ್ಲ. ಬಸ್ ಮುಟ್ಟದಿದ್ದಾಗ ನಿಮ್ಮ ಬೋರ್ಡ್ ಏನು ಮಾಡುತ್ತದೆ? 14 ಮೆಗಾಹರ್ಟ್ಸ್ ಕೊಡುತ್ತದೆ! ‘ಇ’ ಕೂಡ ಎರಡು ಪಟ್ಟು ಓಡುತ್ತದೆ. ಟೈಮರ್ ಅರ್ಧ ಸಮಯಕ್ಕೇ ಎದ್ದು ಕೂಗುತ್ತದೆ, ಹೆಡ್ ಇನ್ನೂ ಅಲುಗಾಡುತ್ತಿರುವಾಗಲೇ ಮುಂದಿನ ಹೆಜ್ಜೆ ಬೀಳುತ್ತದೆ. ಅದೇ ನಿಮ್ಮ ಕರಕರ. ನಿಮ್ಮ ಯಂತ್ರ ನಿಜವಾಗಿ ಎರಡು ಪಟ್ಟು ವೇಗದಲ್ಲಿ ಮಾಡುತ್ತಿರುವುದು ಸುಮ್ನೆ ಕೂರುವುದನ್ನು ಮಾತ್ರ.

ನಗಬೇಡಿ, ನನ್ನ ಮೊದಲ ಬೋರ್ಡಿನಲ್ಲೂ ಇದೇ ಆಗಿತ್ತು. ನಾನು ಡ್ರೈವ್ ಕೆಟ್ಟಿದೆ ಅಂತ ಎರಡು ಡ್ರೈವ್ ಬಿಚ್ಚಿ, ಎಣ್ಣೆ ಹಾಕಿ, ಹೆಡ್ ಒರೆಸಿ ಒಂದು ವಾರ ಕಳೆದೆ.

ಪರಿಹಾರ ಏನೆಂದರೆ, ಪ್ರೊಸೆಸರಿನ ‘ಇ’ ಪಿನ್ನನ್ನು ಮದರ್‌ಬೋರ್ಡಿಗೆ ಹೋಗಲು ಬಿಡಲೇಬಾರದು. ಮದರ್‌ಬೋರ್ಡಿನ 7 ಮೆಗಾಹರ್ಟ್ಸ್‌ನಿಂದ ನೀವೇ 10ರ ಎಣಿಕೆ ಮಾಡಬೇಕು. 6 ಕ್ಲಾಕ್ ಕೆಳಗೆ, 4 ಕ್ಲಾಕ್ ಮೇಲೆ. ಹಾಗೆ ಮಾಡಿದ ಕೂಡಲೇ ಇನ್ನೊಂದು ಕೆಲಸ ತಲೆಯ ಮೇಲೆ ಬೀಳುತ್ತದೆ. ಮದರ್‌ಬೋರ್ಡ್ ವಿಪಿಎ ಸಿಗ್ನಲ್ ಕೊಟ್ಟು ‘ಇದು ಇ ಕ್ಲಾಕಿನ ಚಿಪ್’ ಅಂದಾಗ, ಪ್ರೊಸೆಸರ್ ತನ್ನ ಒಳಗಿನ ‘ಇ’ಗೆ ಹೊಂದಿಸಿ ವಿಎಂಎ, ಅಂದರೆ ‘ವಿಳಾಸ ಸರಿಯಿದೆ’ ಎಂಬ ಸಿಗ್ನಲ್, ಕೊಡುತ್ತದೆ. ಆದರೆ ಆ ‘ಇ’ ಈಗ ಯಾರಿಗೂ ಸಂಬಂಧಪಡದ್ದು. ಹಾಗಾಗಿ ವಿಪಿಎಯನ್ನು ನೀವೇ ಕೇಳಿಸಿಕೊಂಡು, ನಿಮ್ಮ ‘ಇ’ಗೆ ಸರಿಯಾಗಿ ವಿಎಂಎ ಕೊಟ್ಟು, ಕೆಲಸ ಮುಗಿದಾಗ ಪ್ರೊಸೆಸರಿಗೆ ಮಾಮೂಲಿ ಡಿಟ್ಯಾಕ್ (‘ತಯಾರು’ ಎಂಬ ಸಿಗ್ನಲ್) ಕೊಡಬೇಕು. ಇಂಟರಪ್ಟ್ (ಬೇರೆ ಚಿಪ್ ಪ್ರೊಸೆಸರನ್ನು ತುರ್ತಾಗಿ ಕರೆಯುವುದು) ಬಂದಾಗ ಮಾತ್ರ ವಿಪಿಎ ಪ್ರೊಸೆಸರಿಗೇ ಹೋಗಬೇಕು, ಅದನ್ನು ಮರೆತರೆ ಇನ್ನೊಂದು ವಾರ ಹೋಯಿತು ಅಂತಲೇ ಲೆಕ್ಕ.

ಡಿಟ್ಯಾಕ್ ಅಂದೆನಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. ಆಕ್ಸಿಲರೇಟರಿನ ಪ್ರಾಣ ಇರುವುದೇ ಅಲ್ಲಿ. 68000 ವಿಳಾಸ ಇಟ್ಟು ಎಎಸ್ (‘ವಿಳಾಸ ಇಟ್ಟಿದ್ದೇನೆ’) ಸಿಗ್ನಲ್ ಕೆಳಗೆಳೆಯುತ್ತದೆ, ‘ತಯಾರು’ ಎಂಬ ಡಿಟ್ಯಾಕ್ ಬರುವವರೆಗೂ ಕಾಯುತ್ತದೆ, ಬಂದ ಮೇಲೆ ಸುಮಾರು ಒಂದು ಕ್ಲಾಕ್ ಬಿಟ್ಟು ಡೇಟಾ ಹಿಡಿಯುತ್ತದೆ. ಆ ಒಂದು ಕ್ಲಾಕ್ 141 ನ್ಯಾನೊಸೆಕೆಂಡ್ ಇರುತ್ತದೆ ಎಂಬ ಧೈರ್ಯದಲ್ಲಿ ಅಮಿಗಾದ ಬಸ್ ನೋಡಿಕೊಳ್ಳುವ ಗ್ಯಾರಿ ಚಿಪ್ ಡಿಟ್ಯಾಕನ್ನು ಮುಂಚಿತವಾಗಿಯೇ ಕೊಟ್ಟುಬಿಡುತ್ತದೆ. ‘ಈಗ ತಯಾರು’ ಅನ್ನುವುದಿಲ್ಲ ಅದು, ‘ನೀನು ಬರುವಷ್ಟರಲ್ಲಿ ತಯಾರಿರುತ್ತೆ’ ಅನ್ನುತ್ತದೆ. ಪ್ರೊಸೆಸರ್ ಎರಡು ಪಟ್ಟು ವೇಗದಲ್ಲಿದ್ದರೆ 70 ನ್ಯಾನೊಸೆಕೆಂಡಿಗೇ ಬಂದು ಕೈ ಚಾಚುತ್ತದೆ. ಡೇಟಾ ಇನ್ನೂ ಬಂದಿರುವುದಿಲ್ಲ. ಸಿಕ್ಕ ಕಸವನ್ನೇ ಸೂಚನೆ ಅಂದುಕೊಂಡು ಓಡಿಸುತ್ತದೆ.

ನಿಮ್ಮ ಬೋರ್ಡ್ ಬಸ್ ಬಳಕೆಯಲ್ಲಿ 7ಕ್ಕೆ ಇಳಿಯುವುದರಿಂದ ಈ ಗಂಡಾಂತರದಿಂದ ತಪ್ಪಿಸಿಕೊಂಡಿದೆ. ಆದರೆ ಫಾಸ್ಟ್ ರ‍್ಯಾಮ್ ಸೇರಿಸಿ ಪೂರ್ತಿ 14ರಲ್ಲೇ ಓಡಿಸಬೇಕೆಂದರೆ ನೀವು ನಡುವೆ ನಿಂತು ಎರಡು ಕಡೆಗೂ ಸುಳ್ಳು ಹೇಳಬೇಕು. ಮದರ್‌ಬೋರ್ಡಿಗೆ ತೋರಿಸುವ ಎಎಸ್ 7 ಮೆಗಾಹರ್ಟ್ಸ್‌ನ 68000 ಕೊಟ್ಟ ಹಾಗೇ, ಅದೇ ಅಂಚಿನಲ್ಲಿ ಬೀಳಬೇಕು. ಪ್ರೊಸೆಸರಿಗೆ ಕೊಡುವ ಡಿಟ್ಯಾಕ್ ತಡವಾಗಬೇಕು. ವಿಳಾಸ ನಿಮ್ಮ ಫಾಸ್ಟ್ ರ‍್ಯಾಮಿನದ್ದಾದರೆ ಮಾತ್ರ ಎಎಸ್ಸನ್ನು ಮದರ್‌ಬೋರ್ಡಿಗೆ ತೋರಿಸದೆ ಒಳಗೊಳಗೇ ಮುಗಿಸಬಹುದು. ಆಗ ಓದುವ ಸಮಯ 564ರಿಂದ 282 ನ್ಯಾನೊಸೆಕೆಂಡಿಗೆ ಇಳಿಯುತ್ತದೆ. ಎರಡು ಪಟ್ಟು ವೇಗ ಸಿಗುವುದು ಇಲ್ಲಿ.

ಈ ಫಾಸ್ಟ್ ರ‍್ಯಾಮಿಗೆ ವಿಶೇಷ ಚಿಪ್ ಏನೂ ಬೇಡ. 282 ನ್ಯಾನೊಸೆಕೆಂಡಿನ ಲೆಕ್ಕಕ್ಕೆ 55 ನ್ಯಾನೊಸೆಕೆಂಡಿನ ಸ್ಟ್ಯಾಟಿಕ್ ರ‍್ಯಾಮ್ ಧಾರಾಳವಾಯಿತು. 512 ಕಿಲೋಬೈಟಿನ, 8 ಬಿಟ್ ಅಗಲದ, 5 ವೋಲ್ಟಿನ ಚಿಪ್‌ಗಳು ಹೊಸದಾಗಿಯೇ ಸಿಗುತ್ತವೆ. ಎರಡು ಹಾಕಿದರೆ 1 ಮೆಗಾಬೈಟ್, ನಾಲ್ಕು ಹಾಕಿದರೆ 2. ಡೈನಮಿಕ್ ರ‍್ಯಾಮಿನ ರಿಫ್ರೆಶ್ (ಮರೆಯದಂತೆ ಮತ್ತೆ ಮತ್ತೆ ತುಂಬುವ) ತಲೆನೋವು ಮೊದಲ ಬೋರ್ಡಿನಲ್ಲಿ ಯಾಕೆ?

ಆ ಮೆಮೊರಿ ಇದೆ ಅಂತ ಅಮಿಗಾಕ್ಕೆ ತಿಳಿಸುವ ಕ್ರಮಕ್ಕೆ ಆಟೋಕಾನ್ಫಿಗ್ ಅಂತ ಹೆಸರು. ಶುರುವಾಗುವಾಗ ಅಮಿಗಾ ಹೆಕ್ಸ್ (16ರ ಎಣಿಕೆಯ) ಇ80000 ವಿಳಾಸದಲ್ಲಿ ‘ಯಾರಾದರೂ ಇದ್ದೀರಾ’ ಅಂತ ಕೇಳುತ್ತದೆ. ನಿಮ್ಮ ಬೋರ್ಡ್ ತನ್ನ ಜಾತಕವನ್ನು ನಾಲ್ಕು ನಾಲ್ಕು ಬಿಟ್‌ಗಳಾಗಿ ಹೇಳಬೇಕು: ನಾನು ಮೆಮೊರಿ, ನನ್ನ ಗಾತ್ರ ಇಷ್ಟು, ತಯಾರಕರ ಸಂಖ್ಯೆ ಇಷ್ಟು. ಪ್ರಯೋಗ ಮಾಡುವ ಹವ್ಯಾಸಿಗಳಿಗಾಗಿ ಕೊಮೊಡೋರ್ 2011 ಎಂಬ ಸಂಖ್ಯೆಯನ್ನು ಬಿಟ್ಟುಕೊಟ್ಟಿತ್ತು, ಅದನ್ನೇ ಹಾಕಿ. ಆಮೇಲೆ ಅಮಿಗಾ 2ನೇ ಮೆಗಾಬೈಟಿನಿಂದ 10ನೇ ಮೆಗಾಬೈಟಿನ ನಡುವೆ ನಿಮಗೊಂದು ಜಾಗ ಕೊಡುತ್ತದೆ. ಒಂದೇ ಒಂದು ಕುತಂತ್ರ: ಮೊದಲ ಬೈಟನ್ನು ಇದ್ದ ಹಾಗೇ ಹೇಳಬೇಕು, ಅದರ ನಂತರದ ಮಾಹಿತಿಯನ್ನು ತಿರುಗಿಸಿ, ಅಂದರೆ 1 ಇದ್ದಲ್ಲಿ 0 ಮಾಡಿ ಹೇಳಬೇಕು. ಯಾಕೆ ಎಲ್ಲವೂ ಒಂದೇ ಥರ ಇಲ್ಲ ಅಂತ ಯೋಚಿಸುತ್ತಾ ಕೂರಬೇಡಿ, ಕೋಡ್ ಬರೆಯುವಾಗ ಮರೆಯದಿದ್ದರೆ ಸಾಕು.

ಇಷ್ಟೆಲ್ಲ ಲಾಜಿಕ್ಕನ್ನು ಟಿಟಿಎಲ್ ಚಿಪ್‌ಗಳಲ್ಲಿ ಕಟ್ಟಿದರೆ ಬೋರ್ಡ್ ಕೀಬೋರ್ಡಿನ ಹೊರಗೆ ಬರುತ್ತದೆ. ಸಿಪಿಎಲ್‌ಡಿ (ಒಳಗಿನ ಲಾಜಿಕ್ಕನ್ನು ನಾವೇ ಬರೆದು ತುಂಬುವ ಚಿಪ್) ಬಳಸಿ. ಹವ್ಯಾಸಿಗಳ ಬಹಳ ಬೋರ್ಡುಗಳಲ್ಲಿ ಕಾಣುವುದು ಜೈಲಿಂಕ್ಸ್‌ನ ಎಕ್ಸ್‌ಸಿ9500ಎಕ್ಸ್‌ಎಲ್ ಕುಟುಂಬ. ಅದು ಓಡುವುದು 3.3 ವೋಲ್ಟಿನಲ್ಲಿ, ಆದರೂ ಪಿನ್ನಿಗೆ 5 ವೋಲ್ಟ್ ಬಂದರೆ ತಡೆದುಕೊಳ್ಳುತ್ತದೆ. ಅದಕ್ಕೇ ಇಷ್ಟು ಪ್ರೀತಿ. ಆದರೆ ಅದರ ತಯಾರಿಕೆಯನ್ನು ಮುಗಿಸಲು ಕಂಪನಿ ತೀರ್ಮಾನಿಸಿದೆ, ಹೊಸ ವಿನ್ಯಾಸ ಮಾಡುವಾಗ ಅದು ನೆನಪಿರಲಿ. ಎಟಿಎಫ್1508 ಅಂತ ಇನ್ನೊಂದಿದೆ, 128 ಮ್ಯಾಕ್ರೊಸೆಲ್ (ಲಾಜಿಕ್ ತುಂಡುಗಳು), ನೇರ 5 ವೋಲ್ಟ್. ಅದರ ಸಾಫ್ಟ್‌ವೇರ್ ಹಳೇ ಕಾಲದ್ದು, ಸ್ವಲ್ಪ ತಾಳ್ಮೆ ಬೇಕು. ಯಾವುದೇ ತೆಗೆದುಕೊಳ್ಳಿ, ಮೊದಲು ಮುಗಿಯುವುದು ಮ್ಯಾಕ್ರೊಸೆಲ್ ಅಲ್ಲ, ಪಿನ್‌ಗಳು. 23 ವಿಳಾಸದ ತಂತಿ, ನಾಲ್ಕು ಡೇಟಾ ತಂತಿ, ಎರಡು ಕಡೆಯ ನಿಯಂತ್ರಣ ಸಿಗ್ನಲ್‌ಗಳು... ಮೊದಲೇ ಎಣಿಸಿಕೊಳ್ಳಿ.

ಹೊಸ ಎಫ್‌ಪಿಜಿಎಗಳನ್ನು (ಇಂಥದೇ, ಇನ್ನೂ ದೊಡ್ಡ ಚಿಪ್‌ಗಳನ್ನು) ಹಾಕುವ ಆಸೆ ಬರುತ್ತದೆ. ಅವುಗಳ ಪಿನ್‌ಗಳು 5 ವೋಲ್ಟ್ ಕಂಡರೆ ಸತ್ತುಹೋಗುತ್ತವೆ. ನಡುವೆ 74ಎಲ್‌ವಿಸಿ245 ಥರದ ಬಫರ್‌ಗಳು ಬೇಕೇ ಬೇಕು. ಮರಳಿ ಹೋಗುವ ಕಡೆ ತೊಂದರೆ ಇಲ್ಲ, 68000 ಮತ್ತು ಅಮಿಗಾದ ಬಹುಪಾಲು ಚಿಪ್‌ಗಳು ಟಿಟಿಎಲ್ ಮಟ್ಟವನ್ನೇ ನೋಡುವುದರಿಂದ 3.3 ವೋಲ್ಟನ್ನು 1 ಅಂತಲೇ ಒಪ್ಪುತ್ತವೆ.

14 ಮೆಗಾಹರ್ಟ್ಸ್ ಎಲ್ಲಿಂದ ತರುವುದು? ಇದಕ್ಕೆ ಅಮಿಗಾದಲ್ಲೇ ಒಂದು ಚೆಂದದ ಉಪಾಯ ಇದೆ. ಮದರ್‌ಬೋರ್ಡಿನಲ್ಲಿ 7 ಮೆಗಾಹರ್ಟ್ಸ್ ಕ್ಲಾಕಿನ ಜೊತೆಗೆ ಸಿಡ್ಯಾಕ್ ಅನ್ನುವ ಇನ್ನೊಂದು ಕ್ಲಾಕ್ ಓಡುತ್ತದೆ. ಅದೂ 7 ಮೆಗಾಹರ್ಟ್ಸೇ, ಆದರೆ ಕಾಲು ಸುತ್ತು ಸರಿದು ನಿಂತಿದೆ. ಇವೆರಡನ್ನೂ, ಎರಡು ಬೇರೆ ಬೇರೆ ಇದ್ದಾಗ ಮಾತ್ರ 1 ಅನ್ನುವ ಎಕ್ಸ್‌ಕ್ಲೂಸಿವ್ ಆರ್ ಗೇಟಿಗೆ ಕೊಟ್ಟರೆ ಅಚ್ಚುಕಟ್ಟಾದ 14 ಮೆಗಾಹರ್ಟ್ಸ್ ಹೊರಬರುತ್ತದೆ, ಅದೂ ಮದರ್‌ಬೋರ್ಡಿನ ತಾಳಕ್ಕೆ ಸರಿಯಾಗಿ. ಪ್ರೊಸೆಸರ್ ಸಾಕೆಟ್ಟಿನಲ್ಲಿ ಸಿಡ್ಯಾಕ್ ಸಿಗುವುದಿಲ್ಲ, ಪಕ್ಕದ 86 ಪಿನ್ನಿನ ವಿಸ್ತರಣಾ ಕನೆಕ್ಟರಿನಲ್ಲಿದೆ. ಒಂದು ತಂತಿ ಎಳೆಯಬೇಕು.

ಬೇರೆಯದೇ ಆಸಿಲೇಟರ್ ಹಾಕಿ 16 ಅಥವಾ 20 ಮೆಗಾಹರ್ಟ್ಸ್‌ಗೆ ಹೋಗೋಣ ಅಂದರೆ ಆಟವೇ ಬೇರೆ. ಎರಡು ಕ್ಲಾಕ್‌ಗಳಿಗೆ ಸಂಬಂಧವೇ ಇಲ್ಲದಾಗ, ಒಂದು ಕಡೆಯ ಸಿಗ್ನಲ್ ಇನ್ನೊಂದು ಕಡೆಯ, 0 ಅಥವಾ 1ನ್ನು ಹಿಡಿದಿಡುವ ಫ್ಲಿಪ್‌ಫ್ಲಾಪಿಗೆ ಬದಲಾಗುವ ಗಳಿಗೆಯಲ್ಲೇ ಸಿಕ್ಕಿಬೀಳಬಹುದು. ಆಗ ಫ್ಲಿಪ್‌ಫ್ಲಾಪ್ 0 ಅನ್ನಲೋ 1 ಅನ್ನಲೋ ಅಂತ ಸ್ವಲ್ಪ ಹೊತ್ತು ತೂಗಾಡುತ್ತದೆ. ಎರಡು ಫ್ಲಿಪ್‌ಫ್ಲಾಪ್ ಸಾಲಾಗಿ ಇಟ್ಟು ದಾಟಿಸುವುದು ರೂಢಿ. ಪ್ರತಿ ದಾಟುವಿಕೆಗೂ ಕ್ಲಾಕ್ ವ್ಯರ್ಥ. ಹಾಗೆ ಮಾಡದೆ ಬಿಟ್ಟರೆ ಬೋರ್ಡ್ ಮೂರು ಗಂಟೆ ಚೆನ್ನಾಗಿ ಓಡಿ, ಯಾರಿಗಾದರೂ ತೋರಿಸುವಾಗ ನಿಲ್ಲುತ್ತದೆ. ಇಂಥ ದೋಷ ಹೋಯಿತು ಅಂದುಕೊಳ್ಳುವ ಹಾಗಿಲ್ಲ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅನ್ನುತ್ತದೆ. ಮೊದಲ ಬೋರ್ಡಿಗೆ 14 ಸಾಕು.

ನೀವು ಕೆಲಸ ಹಿಡಿಯುವ ಕ್ರಮದ ಬಗ್ಗೆ ನನಗೆ ಒಂದು ಹಟ ಇದೆ. ಪ್ರೊಸೆಸರನ್ನು ಸಾಕೆಟ್ಟಿನಿಂದ ಎತ್ತಿ ನಿಮ್ಮ ಬೋರ್ಡಿನ ಮೇಲಿಟ್ಟು, ಎಲ್ಲ ಸಿಗ್ನಲ್‌ಗಳೂ ಸಿಪಿಎಲ್‌ಡಿ ಮೂಲಕ ಹಾದು, 7 ಮೆಗಾಹರ್ಟ್ಸ್‌ನಲ್ಲೇ, ಏನೂ ವೇಗ ಇಲ್ಲದೆ ಅಮಿಗಾ ಒಂದು ದಿನ ಪೂರ್ತಿ ಓಡಬೇಕು. ಅಲ್ಲಿಯವರೆಗೆ ಮೆಮೊರಿ ಚಿಪ್ಪನ್ನು ಮುಟ್ಟಬೇಡಿ. ಬೇಸರದ ಕೆಲಸ ಅಲ್ವಾ? ಆದರೆ ಆಮೇಲೆ ಏನೇ ಕೆಟ್ಟರೂ ಅದು ಹೊಸದಾಗಿ ಸೇರಿಸಿದ್ದರಿಂದಲೇ ಅಂತ ಗೊತ್ತಿರುತ್ತದೆ. ನಂತರ 7ರಲ್ಲೇ ಫಾಸ್ಟ್ ರ‍್ಯಾಮ್ ಮತ್ತು ಆಟೋಕಾನ್ಫಿಗ್. ಅಷ್ಟಕ್ಕೇ ಯಂತ್ರ ಹಗುರಾದ ಹಾಗೆ ಅನ್ನಿಸುತ್ತದೆ, ಯಾಕೆಂದರೆ ಪ್ರೊಸೆಸರ್ ಆಗ್ನಸ್‌ನ ಸರದಿಯಿಂದ ಹೊರಬಂದಿರುತ್ತದೆ. ಅದಾದ ಮೇಲೆ 14.

ಆಮೇಲಿನ ದೊಡ್ಡ ಲಾಭ ಜನ ಮರೆಯುವ ಜಾಗದಲ್ಲಿದೆ: ಕಿಕ್‌ಸ್ಟಾರ್ಟ್ ರಾಮ್ (ROM, ಓದಲು ಮಾತ್ರ ಬರುವ ಮೆಮೊರಿ). ಅಮಿಗಾದ ಆಪರೇಟಿಂಗ್ ಸಿಸ್ಟಮ್‌ನ ಬಹುಪಾಲು ಅಲ್ಲೇ ಕೂತಿದೆ, ಅದನ್ನು ಓದುವುದೂ ಮದರ್‌ಬೋರ್ಡಿನ ವೇಗದಲ್ಲೇ. 1.3 ಆವೃತ್ತಿ 256 ಕಿಲೋಬೈಟ್, 2.04 ಆದರೆ 512. ಶುರುವಾದ ಮೇಲೆ ಅದನ್ನು ನಿಮ್ಮ ಸ್ಟ್ಯಾಟಿಕ್ ರ‍್ಯಾಮಿಗೆ ನಕಲು ಮಾಡಿ, ಆ ವಿಳಾಸಕ್ಕೆ ನಿಮ್ಮ ಬೋರ್ಡೇ ಉತ್ತರ ಕೊಡುವಂತೆ ಮಾಡಿ. ವಿಂಡೋ, ಮೆನು, ಫೈಲ್ ಪಟ್ಟಿ ಎಲ್ಲ ಚುರುಕಾಗುವುದು ಆಗಲೇ.

ಪಿಸಿಬಿ (ಬೋರ್ಡಿನ ಮುದ್ರಿತ ಹಲಗೆ) ವಿಷಯ ಚುಟುಕಾಗಿ. 64 ಪಿನ್ನಿನ 68000ದ ಎರಡು ಸಾಲುಗಳ ನಡುವೆ ಇರುವುದು 0.9 ಇಂಚು, ನೆನಪಿನಿಂದ 0.6 ಅಂತ ಹಾಕಿಬಿಡಬೇಡಿ. ಸಾಕೆಟ್ಟಿಗೆ ಇಳಿಯುವ ಕಡೆ ತೆಳು ದುಂಡು ಪಿನ್‌ಗಳನ್ನೇ ಬಳಸಿ. ಮಾಮೂಲಿ ಚೌಕ ಹೆಡರ್ ಪಿನ್ ತುರುಕಿದರೆ ಹಳೇ ಸಾಕೆಟ್ಟಿನ ಎಲೆಗಳು ಅಗಲವಾಗಿ, ಮುಂದೆ ಮೂಲ ಪ್ರೊಸೆಸರ್ ಕೂಡ ಬಿಗಿಯಾಗಿ ಕೂರುವುದಿಲ್ಲ. ನಾಲ್ಕು ಪದರದ ಬೋರ್ಡ್ ಮಾಡಿಸಿ. 14 ಮೆಗಾಹರ್ಟ್ಸ್‌ಗೆ ನಾಲ್ಕು ಪದರ ಯಾಕೆ ಅನ್ನಬಹುದು. ತೊಂದರೆ ಕೊಡುವುದು ಮೆಗಾಹರ್ಟ್ಸ್ ಅಲ್ಲ, ಇಂದಿನ ಚಿಪ್‌ಗಳ ಸಿಗ್ನಲ್ ಒಂದೆರಡು ನ್ಯಾನೊಸೆಕೆಂಡಿನಲ್ಲಿ ಜಿಗಿಯುವ ರಭಸ. 16 ಡೇಟಾ ತಂತಿಗಳು ಒಟ್ಟಿಗೆ ಜಿಗಿದರೆ ನೆಲದ ಸಂಪರ್ಕವೇ ಅದುರುತ್ತದೆ. ಒಳಗೊಂದು ಪೂರ್ತಿ ಗ್ರೌಂಡ್ ಪದರ, ಪ್ರತಿ ಪವರ್ ಪಿನ್ನಿಗೂ ಅಂಟಿಕೊಂಡ 100 ನ್ಯಾನೊಫ್ಯಾರಡ್ ಕೆಪಾಸಿಟರ್, ಕ್ಲಾಕ್ ತಂತಿಗೆ 33 ಓಮ್ ರೆಸಿಸ್ಟರ್. ಈ ಮೂರರಲ್ಲಿ ಕಂಜೂಸಿ ಬೇಡ.

ಕೆಟ್ಟಾಗ ಅಮಿಗಾ ತಾನೇ ಸುಳಿವು ಕೊಡುತ್ತದೆ. ಶುರುವಾಗುವಾಗ ಪರದೆ ಕೆಂಪಾಗಿ ನಿಂತರೆ ರಾಮ್ ಮೊತ್ತ ತಾಳೆಯಾಗಲಿಲ್ಲ, ಹಸಿರಾದರೆ ಚಿಪ್ ರ‍್ಯಾಮ್ ಸರಿಯಿಲ್ಲ, ಹಳದಿಯಾದರೆ ಪ್ರೊಸೆಸರ್ ತಡೆಯಲಾಗದ ತಪ್ಪಿಗೆ ಬಿತ್ತು. ನಿಮ್ಮ ಬೋರ್ಡ್ ನಡುವೆ ಇರುವಾಗ ಇದರ ಅರ್ಥ ಬೇರೆ. ಮೊದಲು ಚೆನ್ನಾಗಿದ್ದ ಯಂತ್ರ ಹಸಿರು ತೋರಿಸಿದರೆ ಮೆಮೊರಿ ಚಿಪ್ ಬದಲಿಸಲು ಹೋಗಬೇಡಿ, ನಿಮ್ಮ ಡಿಟ್ಯಾಕ್ ಬೇಗ ಬರುತ್ತಿದೆ. ಡಯಾಗ್‌ರಾಮ್ ಅನ್ನುವ ಉಚಿತ ಪರೀಕ್ಷಾ ರಾಮ್ ಇದೆ, ಸೀರಿಯಲ್ ಪೋರ್ಟಿನಲ್ಲಿ ಹೆಜ್ಜೆ ಹೆಜ್ಜೆಗೂ ವರದಿ ಕೊಡುತ್ತದೆ. ಎಪ್ರಾಮ್ (ನಾವೇ ಬರೆಯಬಹುದಾದ ರಾಮ್ ಚಿಪ್) ಬರೆಯುವ ಸಾಧನ ಇದ್ದರೆ ಮೊದಲ ದಿನವೇ ಮಾಡಿಟ್ಟುಕೊಳ್ಳಿ. ಸಿಗ್ನಲ್‌ಗಳ ಏರಿಳಿತ ದಾಖಲಿಸುವ ಲಾಜಿಕ್ ಅನಲೈಜರ್ ಬೇಕಾಗುತ್ತದೆ. ಎಲ್ಲ ಕಡೆ ಸಿಗುವ 8 ಚಾನೆಲ್, 24 ಮೆಗಾಹರ್ಟ್ಸ್‌ನ ಪುಟ್ಟ ಡಬ್ಬಿ ಮಾತ್ರ ಇದಕ್ಕೆ ಸಾಲದು. ಅದು 42 ನ್ಯಾನೊಸೆಕೆಂಡಿಗೊಮ್ಮೆ ನೋಡುತ್ತದೆ, ನಿಮ್ಮ ಕ್ಲಾಕ್ 70ಕ್ಕೊಮ್ಮೆ ಸುತ್ತುತ್ತದೆ. ತಪ್ಪು ನಡೆಯುವುದು ಎರಡು ನೋಟಗಳ ನಡುವೆ.

ಮುಂದೆ 68030ಗೆ, ಅಂದರೆ 68000ದ ಮುಂದಿನ ಪೀಳಿಗೆಗೆ, ಹೋಗುವ ಆಸೆ ನಿಮಗೆ ಬಂದೇ ಬರುತ್ತದೆ. 50 ಮೆಗಾಹರ್ಟ್ಸ್‌ನಲ್ಲಿ ಅದು 3 ಕ್ಲಾಕಿಗೆ, ಅಂದರೆ 60 ನ್ಯಾನೊಸೆಕೆಂಡಿಗೆ 32 ಬಿಟ್ ಓದಬಲ್ಲದು. ಒಳಗೆ 256 ಬೈಟಿನ ಎರಡು ಕ್ಯಾಶ್ (ಓದಿದ್ದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳುವ ಪುಟ್ಟ ಮೆಮೊರಿ) ಇವೆ, ಒಂದು ಸೂಚನೆಗೆ, ಇನ್ನೊಂದು ಡೇಟಾಕ್ಕೆ. 16 ಬಿಟ್‌ನ ಹಳೇ ಮದರ್‌ಬೋರ್ಡಿನ ಜೊತೆಗೂ ಹೊಂದಿಕೊಳ್ಳುತ್ತದೆ. ಅಮಿಗಾದ ಡೇಟಾ ತಂತಿಗಳನ್ನು ಅದರ ಮೇಲಿನ ಅರ್ಧಕ್ಕೆ, ಅಂದರೆ 16ರಿಂದ 31ನೇ ತಂತಿಗಳಿಗೆ ಜೋಡಿಸಿ, ಉತ್ತರಿಸುವಾಗ ಡಿಟ್ಯಾಕಿನ ಜಾಗದಲ್ಲಿರುವ ಡಿಸ್ಯಾಕ್1 ಮಾತ್ರ ಕೆಳಗೆಳೆದರೆ ಎದುರಿಗಿರುವುದು 16 ಬಿಟ್ ಅಂತ ಅರ್ಥ ಮಾಡಿಕೊಂಡು ಎರಡು ಸಲ ಓದುತ್ತದೆ. ‘ಇ’ ಪಿನ್, ವಿಪಿಎ, ಮೇಲಿನ ಮತ್ತು ಕೆಳಗಿನ ಬೈಟ್ ಆರಿಸುವ ಯುಡಿಎಸ್, ಎಲ್‌ಡಿಎಸ್ ಯಾವುದೂ ಅದಕ್ಕಿಲ್ಲ, ಎಲ್ಲ ನೀವೇ ಹುಟ್ಟಿಸಬೇಕು. ಅಲ್ಲಿಗೆ ಬರುವಷ್ಟರಲ್ಲಿ ‘ಇ’ ಕಟ್ಟಿದ ಅನುಭವ ನಿಮಗಿರುತ್ತದೆ. ಮರೆಯಬಾರದ ಒಂದು ಸಿಗ್ನಲ್ ಇದೆ, ಸಿಐಐಎನ್. ಚಿಪ್ ರ‍್ಯಾಮ್ ಮತ್ತು ಕಸ್ಟಮ್ ಚಿಪ್‌ಗಳ ವಿಳಾಸದಲ್ಲಿ ಅದನ್ನು ಎಳೆದು ‘ಇದನ್ನು ಕ್ಯಾಶ್‌ನಲ್ಲಿ ಇಡಬೇಡ’ ಅನ್ನಬೇಕು. ಇಲ್ಲವಾದರೆ ಮೌಸ್ ಎಲ್ಲಿದೆ ಅಂತ ಒಂದು ಸಲ ಓದಿ, ಅದೇ ಹಳೆಯ ಉತ್ತರವನ್ನು ಮತ್ತೆ ಮತ್ತೆ ನಂಬುತ್ತದೆ.

ಬಳಸಿದ 68030 ಕೊಳ್ಳುವಾಗ ಮೇಲಿನ ಅಕ್ಷರ ನಂಬಬೇಡಿ. ಹಳೆಯ ಗುರುತು ಉಜ್ಜಿ, ಹೆಚ್ಚಿನ ವೇಗ ಮುದ್ರಿಸಿ ಮಾರುವುದು ಮಾಮೂಲಿ. ಹಾಗೆಯೇ, ಕೆಲವು ಹಳೇ ಆಟಗಳು 68000 ಬಿಟ್ಟು ಬೇರೆಯದರಲ್ಲಿ ಬಿದ್ದುಹೋಗುತ್ತವೆ. ಸ್ಟೇಟಸ್ ರಿಜಿಸ್ಟರನ್ನು ಓದುವ ಸೂಚನೆ 68010ರಿಂದಾಚೆಗೆ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಮೀಸಲು, ಅದೇ ದೊಡ್ಡ ಕಾರಣ. ಮೂಲ ಪ್ರೊಸೆಸರಿಗೆ ಮರಳುವ ಒಂದು ಸ್ವಿಚ್ ಇಟ್ಟುಕೊಂಡರೆ ಒಳ್ಳೆಯದು. 68030 ಕಡೆ ಹೋಗುವುದಾದರೆ ಸೊನ್ನೆಯಿಂದ ಶುರು ಮಾಡಬೇಡಿ. ಟೆರಿಬಲ್‌ಫೈರ್ ಸರಣಿಯ ಟಿಎಫ್530 ಥರದ ಬೋರ್ಡುಗಳ ನಕ್ಷೆ, ಸಿಪಿಎಲ್‌ಡಿ ಕೋಡ್ ಎಲ್ಲ ಬಹಿರಂಗವಾಗಿವೆ. ಒಂದು ಕಟ್ಟಿ, ಕೋಡನ್ನು ಸಾಲು ಸಾಲಾಗಿ ಓದಿ.

ಇನ್ನೊಂದು ದಾರಿ ಪೈಸ್ಟಾರ್ಮ್. ಪ್ರೊಸೆಸರ್ ಸಾಕೆಟ್ಟಿನಲ್ಲಿ ಒಂದು ಸಿಪಿಎಲ್‌ಡಿ, ಅದರ ಮೇಲೆ ರಾಸ್ಪ್‌ಬೆರಿ ಪೈ. 68000ದ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಯಾವ ನಿಜವಾದ 68030ಯನ್ನೂ ಅದು ಹಿಂದೆ ಹಾಕುತ್ತದೆ. ನನಗೆ ಅದರ ಮೇಲೆ ಗೌರವ ಇದೆ, ಪ್ರೀತಿ ಸ್ವಲ್ಪ ಕಡಿಮೆ. ಬೇಕಾದ್ದು ವೇಗ ಮಾತ್ರ ಆದರೆ ಅದನ್ನೇ ಹಾಕಿ, ಇಷ್ಟೆಲ್ಲ ಓದುವ ಅಗತ್ಯವೇ ಇಲ್ಲ. ಆದರೆ ಗಮನಿಸಿ, ಗಿಗಾಹರ್ಟ್ಸ್ ಲೆಕ್ಕದ ಆ ಪೈ ಕೂಡ ಚಿಪ್ ರ‍್ಯಾಮ್ ಮುಟ್ಟುವಾಗ ಅದೇ 3.5 ಮೆಗಾಬೈಟಿನ ಬಾಗಿಲಲ್ಲಿ ನಿಲ್ಲುತ್ತದೆ.

ಕೊಮೊಡೋರ್ 64 ವಿಷಯ. ವಿದ್ಯೆ ಅದೇ, ಕಷ್ಟ ಬೇರೆ. ಅಲ್ಲಿ ಪ್ರೊಸೆಸರ್ 1 ಮೆಗಾಹರ್ಟ್ಸ್ ಆಸುಪಾಸು. ಪ್ರತಿ ಕ್ಲಾಕಿನ ಒಂದು ಅರ್ಧ ಪರದೆಯ ವಿಐಸಿ ಚಿಪ್ಪಿಗೆ, ಇನ್ನೊಂದು ಅರ್ಧ ಪ್ರೊಸೆಸರಿಗೆ. ಅಕ್ಷರಗಳ ಪ್ರತಿ ಸಾಲಿನ ಆರಂಭದಲ್ಲಿ ವಿಐಸಿ ಪ್ರೊಸೆಸರನ್ನು 40 ಕ್ಲಾಕಿಗೂ ಮೇಲೆ ನಿಲ್ಲಿಸಿಬಿಡುತ್ತದೆ. ದೊಡ್ಡ ತೊಡಕು ಇದು: ಅಮಿಗಾದಲ್ಲಿ ಪರದೆಯ ಮೆಮೊರಿ ಬೇರೆ, ಫಾಸ್ಟ್ ರ‍್ಯಾಮ್ ಬೇರೆ ಅನ್ನಬಹುದು. 64ರಲ್ಲಿ ಎಲ್ಲವೂ ಒಂದೇ 64 ಕಿಲೋಬೈಟಿನ ಒಳಗೆ, ಪರದೆ ಎಲ್ಲಿ ಬೇಕಾದರೂ ಇರಬಹುದು. ಹಾಗಾಗಿ ನಿಮ್ಮ ವೇಗದ ರ‍್ಯಾಮಿಗೆ ಬರೆದದ್ದನ್ನೆಲ್ಲ ಮದರ್‌ಬೋರ್ಡಿನ ರ‍್ಯಾಮಿಗೂ ಬರೆಯಬೇಕು. ಓದುವುದು ಬೇಗ, ಬರೆಯುವುದು ನಿಧಾನ. ಮೇಲಾಗಿ 64ರ ಪ್ರೊಸೆಸರ್ 6510ರ ಒಳಗೆ 0 ಮತ್ತು 1ನೇ ವಿಳಾಸದಲ್ಲಿ ಒಂದು ಪೋರ್ಟ್ ಇದೆ, ರಾಮ್ ಮತ್ತು ರ‍್ಯಾಮ್ ಬದಲಿಸುವುದು ಅದೇ. ಆ ಪ್ರೊಸೆಸರಿನ ಬದಲು 65ಸಿ02 ಅಥವಾ 65816 ಹಾಕಿದರೆ ಅದನ್ನೂ ಸಿಪಿಎಲ್‌ಡಿಯಲ್ಲಿ ಕಟ್ಟಿಕೊಡಬೇಕು. 1990ರ ದಶಕದಲ್ಲಿ ಬಂದ ಸೂಪರ್‌ಸಿಪಿಯು ಎಂಬ ಆಕ್ಸಿಲರೇಟರ್ 65816ನ್ನು 20 ಮೆಗಾಹರ್ಟ್ಸ್‌ನಲ್ಲಿ ಓಡಿಸಿತು, ಆಗುವುದಿಲ್ಲ ಅನ್ನುವ ಹಾಗಿಲ್ಲ. ಆದರೆ 64ರ ಆಟಗಳು ಕ್ಲಾಕ್ ಎಣಿಸಿ ಬರೆದವು. ವೇಗ ಹೆಚ್ಚಿದರೆ ಆಟವೇ ಕೈಗೆ ಸಿಗದೆ ಓಡುತ್ತದೆ.

ಆಪಲ್ 2ರ ಆಕ್ಸಿಲರೇಟರ್ ಕಟ್ಟಿದವರು ಈ ಪಾಠವನ್ನು ಮೊದಲೇ ಕಲಿತಿದ್ದರು. ಅದರ ಫ್ಲಾಪಿಯಲ್ಲಿ ಒಂದು ಬಿಟ್‌ಗೆ 4 ಮೈಕ್ರೊಸೆಕೆಂಡ್, ಒಂದು ಬೈಟಿಗೆ 32. ಬರೆಯುವಾಗ ಆ 32ನ್ನು ಎಣಿಸುವುದು ಪ್ರೊಸೆಸರ್ ಓಡಿಸುವ ಸೂಚನೆಗಳೇ, ಬೇರೆ ಟೈಮರ್ ಇಲ್ಲ. ಅದಕ್ಕೇ ಆ ಬೋರ್ಡುಗಳು ಫ್ಲಾಪಿಯ ಸ್ಲಾಟನ್ನು ಮುಟ್ಟಿದ ಕೂಡಲೇ 1 ಮೆಗಾಹರ್ಟ್ಸ್‌ಗೆ ಇಳಿದು, ಕೆಲಸ ಮುಗಿದು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಏರುತ್ತವೆ.

ನಿಮ್ಮ ಈಗಿನ ಬೋರ್ಡನ್ನು ಎಸೆಯಬೇಡಿ. ಒಂದು ಪುಟ್ಟ ಸಿಪಿಎಲ್‌ಡಿಯಲ್ಲಿ 10ರ ಎಣಿಕೆ ಬರೆದು ‘ಇ’ಯನ್ನು ಬೇರ್ಪಡಿಸಿ, ವಿಎಂಎಯನ್ನೂ ಅದರಿಂದಲೇ ಕೊಡಿಸಿ. ಫ್ಲಾಪಿಯ ಕರಕರ ನಿಂತರೆ ಕೌಂಟರ್ ಸರಿಯಾಗಿದೆ ಅಂತ ಅರ್ಥ. ಆಮೇಲೆ ಎರಡು ಸ್ಟ್ಯಾಟಿಕ್ ರ‍್ಯಾಮ್ ಚಿಪ್ ತರಿಸಿ.